ವರದಿಯಲ್ಲಿ ತಿದ್ದಿದ ಸಾಲು

ಕೆರೆ ಒಡೆದ ಬೆಳಿಗ್ಗೆ ನಾನೂ ನನ್ನ ಸೋದರತ್ತೆಯೂ ಅಟ್ಟದ ಮೇಲಿದ್ದೆವು. ಸುತ್ತ ಕೊಬ್ಬರಿಯಾಗಲು ಬಿಟ್ಟ ಕಾಯಿಯ ರಾಶಿ. ಗವಾಕ್ಷಿಯಿಂದ ನೋಡಿದರೆ ತೋಟದಲ್ಲಿ ನೆಲವೇ ಇರಲಿಲ್ಲ. ತೆಂಗಿನ ಮರಗಳು ಆಕಾಶದ ಮೇಲೆ ನಿಂತಂತೆ ಕಾಣುತ್ತಿದ್ದವು. ಕೆಡವಿ ಗುಡ್ಡೆ ಹಾಕಿದ್ದ ಕಾಯಿಗಳು ಅವುಗಳ ನಡುವೆ ಅವಸರವಿಲ್ಲದೆ ತೇಲಿಹೋಗುತ್ತಿದ್ದವು. ಹೆದರುವುದೇ ನನಗೆ ಮರೆತುಹೋಗಿತ್ತು. ಅತ್ತೆ ಮಾತ್ರ ಕೊಟ್ಟಿಗೆಯ ಕಡೆಗೇ ಕಿವಿಯಿಟ್ಟಿದ್ದಳು. ಹಸುವಿನ ಹಗ್ಗ ಬಿಚ್ಚಲು ಪುರುಸೊತ್ತಾಗಿರಲಿಲ್ಲ. ಅದರ ಕೊರಳ ಗಂಟೆ ಸ್ವಲ್ಪ ಹೊತ್ತು ಕೇಳಿಸಿತು, ಆಮೇಲೆ ಇಲ್ಲ.

ತೂಬಿನ ಪಕ್ಕ ಕೆರೆಯ ಏರಿಯಲ್ಲಿ ನೀರು ಜಿನುಗುತ್ತಿದ್ದುದನ್ನು ಎರಡು ದಿನ ಮೊದಲೇ ಕಂಡವಳು ಅವಳು. ತಾಲ್ಲೂಕಿನ ಸಹಾಯವಾಣಿಗೆ ಮೂರು ಸಲ ಫೋನ್ ಮಾಡಿದ್ದಳು. ಬರೆದುಕೊಂಡಿದ್ದೇವೆ, ಮರಳಿನ ಮೂಟೆ ಕಳಿಸುತ್ತೇವೆ ಎಂದಿದ್ದರಂತೆ. ಯಾರೂ ಬರಲಿಲ್ಲ. ಕೆರೆ ಒಡೆದ ದಿನ ಮಧ್ಯಾಹ್ನ ನಮ್ಮನ್ನು ಅಟ್ಟದಿಂದ ಇಳಿಸಿಕೊಂಡದ್ದೂ ಪಕ್ಕದ ಊರಿನವರೇ, ಟ್ರ್ಯಾಕ್ಟರ್ ಟ್ಯೂಬುಗಳನ್ನು ಕಟ್ಟಿಕೊಂಡು ಬಂದು.

ತಿಂಗಳಾದ ಮೇಲೆ ಶಾಲೆಯ ಅಂಗಳದಲ್ಲಿ ವಿಚಾರಣೆ ನಡೆಯಿತು. ಜಿಲ್ಲೆಯಿಂದ ಬಂದಿದ್ದ ಅಧಿಕಾರಿ ಇನ್ನೂ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಕೆರೆಯ ಉಸ್ತುವಾರಿಯ ಇಂಜಿನಿಯರು ವರದಿ ಓದಿದರು: ಏರಿಯ ಬಗ್ಗೆ ಮುಂಚಿತವಾಗಿ ಯಾವುದೇ ಮಾಹಿತಿ ಬಂದಿರಲಿಲ್ಲ. ಬೇವಿನ ನೆರಳು ನಮ್ಮ ಮೇಲೆ ಆಡುತ್ತಿತ್ತು. ಬೇರೆ ಯಾವುದೋ ಊರಿನ ಸುದ್ದಿಯೆಂಬಂತೆ ಎಲ್ಲರೂ ಕೇಳುತ್ತ ಕೂತಿದ್ದೆವು.

ಸಭೆಯಲ್ಲಿ ಎಂದೂ ಬಾಯಿ ತೆರೆಯದ ಅತ್ತೆ ಎದ್ದು ನಿಂತಳು.

“ನಾನೇ ಹೇಳಿದ್ದೆ ಕಣ್ರೀ, ಮೂರು ಸಲ. ಬರ್ಕಂಡಿದೀವಿ ಅಂದ್ರಿ. ಬರ್ಕಂಡಿದ್ದು ಎಲ್ಲೋಯ್ತು?”

ಆಮೇಲೆ ನೋಡೋಣ, ಕೂತುಕೊಳ್ಳಿ ಎಂದರು ಇಂಜಿನಿಯರು. ಅವಳು ಕೂರಲಿಲ್ಲ. ಅಧಿಕಾರಿ ಒಂದು ಕ್ಷಣ ಅವಳನ್ನೇ ನೋಡಿ, ಸಹಾಯವಾಣಿಯ ಪುಸ್ತಕ ತರಲು ಜೀಪು ಕಳಿಸಿದರು. ಅದು ಬರುವಷ್ಟರಲ್ಲಿ ನೆರಳು ಅಂಗಳದ ಆಚೆ ತುದಿ ಮುಟ್ಟಿತ್ತು. ಅಷ್ಟು ಹೊತ್ತೂ ಅತ್ತೆ ನಿಂತೇ ಇದ್ದಳು. ಅವಳ ಪಕ್ಕದಲ್ಲಿ ನಾನು.

ಮೂರೂ ಕರೆಗಳು ಪುಸ್ತಕದಲ್ಲಿದ್ದವು. ಕೆಳಗೆ, ನೋಡಿದ್ದೇನೆ ಎಂದು ಇಂಜಿನಿಯರ ಸಹಿ. ಅಧಿಕಾರಿ ವರದಿಯ ಆ ಸಾಲನ್ನು ಹೊಡೆದುಹಾಕಿ, ಮೂರು ಬಾರಿ ತಿಳಿಸಿದ್ದರೂ ಕ್ರಮ ಕೈಗೊಂಡಿಲ್ಲ ಎಂದು ಬರೆದು, ಎಲ್ಲರಿಗೂ ಕೇಳುವಂತೆ ಓದಿದರು. ಆಮೇಲೆ ಪೆನ್ನು ಮುಚ್ಚಿಟ್ಟು, “ತಪ್ಪು ನಮ್ಮದೇ, ಅಮ್ಮ” ಎಂದರು.

ಇಂಜಿನಿಯರು ಅಮಾನತಾದರೆಂದು ವಾರದ ಮೇಲೆ ತಿಳಿಯಿತು. ಅತ್ತೆ ಅದಕ್ಕೆ ಹಿಗ್ಗಲಿಲ್ಲ. ನನಗೆ ನೆನಪಿರುವುದು ಆ ಸಂಜೆ. ಜನ ಚದುರಿದ ಮೇಲೆ ಕಾಲು ಜೋಮು ಹಿಡಿದಿದೆಯೆಂದು ಅವಳು ಶಾಲೆಯ ಮೆಟ್ಟಿಲ ಮೇಲೆ ಕೂತಳು. ತಿಂಗಳಿಂದ ನೆಟ್ಟಗೆ ನಿದ್ದೆ ಕಾಣದವಳು ನನ್ನ ಹೆಗಲಿಗೆ ಒರಗಿ, ಹಾಗೆಯೇ ನಿದ್ದೆಹೋದಳು.