ಕೂತವರಿಗೆ ಜೀಪು

ನಮ್ಮ ಬಡಾವಣೆಯ ಪಾರ್ಕಿನಲ್ಲಿ ಬೆಳಗ್ಗೆ ನಡೆಯಲು ಬರುವವರಿಗೆಲ್ಲ ಒಬ್ಬರು ನಾಯಕರಿದ್ದಾರೆ. ಹೈಸ್ಕೂಲಿನಲ್ಲಿ ಆಟದ ಮೇಷ್ಟ್ರಾಗಿದ್ದು ನಿವೃತ್ತರಾದವರು. ನಿವೃತ್ತಿಯಾದದ್ದು ಅವರಿಗೆ ಮಾತ್ರ, ಅವರ ಸೀಟಿಗಲ್ಲ. ಅದು ಈಗಲೂ ಕೊರಳಲ್ಲಿ ನೇತಾಡುತ್ತದೆ. ಅದರ ಸದ್ದಿಗೆ ತ್ಯಾವರೆಕೊಪ್ಪ ಸಫಾರಿಯ ಹುಲಿಗಳೂ ಸಾಲಾಗಿ ನಿಂತಾವು ಎಂದು ನನ್ನ ನಾದಿನಿ ಹೇಳುತ್ತಾಳೆ.

ನಾದಿನಿಯೆಂದರೆ ನನ್ನ ಗಂಡನ ತಂಗಿ. ಭದ್ರಾವತಿಯ ಓಲ್ಡ್ ಟೌನಿನಲ್ಲಿ ಅವಳ ಗಂಡನದು ಪಾತ್ರೆ ಅಂಗಡಿ. ಅಂಗಡಿಯಲ್ಲಿ ಕೂತು ಕೂತು ಬೇಜಾರಾದಾಗಲೆಲ್ಲ ಬಸ್ಸು ಹತ್ತಿ ಶಿವಮೊಗ್ಗಕ್ಕೆ ಬಂದು ನಮ್ಮ ಮನೆಯಲ್ಲಿ ಉಳಿಯುತ್ತಾಳೆ. ಬೆಳಗ್ಗೆ ನನ್ನ ಜೊತೆ ಪಾರ್ಕಿಗೂ ಬರುತ್ತಾಳೆ. ಇಬ್ಬರಿಗೂ ಐವತ್ತು ದಾಟಿದೆ. ಇಬ್ಬರೂ ಅದನ್ನು ಯಾರಿಗೂ ಹೇಳಿಲ್ಲ.

ಮಳೆಗಾಲ ಮುಗಿದ ಮೇಲೆ ಒಂದು ದಿನ ಮೇಷ್ಟ್ರು ಸೀಟಿ ಊದಿ ಎಲ್ಲರನ್ನೂ ಸೇರಿಸಿದರು. ಈ ಸಲ ಕೊಡಚಾದ್ರಿ ಹತ್ತುವುದು. ಅದೂ ಹಿಡ್ಲುಮನೆ ಜಲಪಾತದ ಪಕ್ಕದ ಬಂಡೆಗಳನ್ನು ಹಿಡಿದು, ಕಷ್ಟದ ದಾರಿಯಲ್ಲಿ. ಗಂಡಸರೆಲ್ಲ ಎದೆ ಉಬ್ಬಿಸಿದರು. ಮೇಷ್ಟ್ರು ನಮ್ಮ ಕಡೆ ತಿರುಗಿ ಬಹಳ ಮೃದುವಾಗಿ ಹೇಳಿದರು, "ನೀವಿಬ್ರೂ ಜೀಪಲ್ಲಿ ಬಂದ್ಬಿಡಿ ತಾಯಿ. ಮೇಲೆ ಸಿಗೋಣ."

"ನಾವೇನು ಅಡಿಕೆ ಮೂಟೆನಾ ಸಾರ್, ಜೀಪಿಗೆ ಹಾಕ್ಕೊಂಡು ಹೋಗೋಕೆ?" ಎಂದಳು ನಾದಿನಿ.

ಮೇಷ್ಟ್ರು ನ್ಯಾಯವಂತರು. ಎಲ್ಲರಿಗೂ ಒಂದೇ ಪರೀಕ್ಷೆ ಎಂದು ಘೋಷಿಸಿದರು. ಮುಂದಿನ ಭಾನುವಾರ ನಮ್ಮೂರ ಕೋಟೆ ದೇವಸ್ಥಾನದ ಮುಂದಿನಿಂದ ಭದ್ರಾವತಿಯ ಓಲ್ಡ್ ಟೌನಿನವರೆಗೆ ನಡೆಯಬೇಕು. ನಿಂತು ನೀರು ಕುಡಿಯಬಹುದು, ಆದರೆ ದಾರಿಯಲ್ಲಿ ಎಲ್ಲೂ ಕೂರುವಂತಿಲ್ಲ. "ಕೂತವ್ರಿಗೆ ಜೀಪು. ನಾನೇ ಕೂತ್ರೂ ಅಷ್ಟೆ," ಎಂದರು. ಆ ಕೊನೆಯ ಮಾತು ಅವರು ಆಡಬಾರದಿತ್ತು. ನಾದಿನಿಯ ಕಣ್ಣು ಸಣ್ಣದಾದದ್ದನ್ನು ನಾನು ನೋಡಿದೆ.

ಭಾನುವಾರ ನಸುಕಿನಲ್ಲೇ ಹೊರಟೆವು. ನಾವಿಬ್ಬರು ಹೆಂಗಸರು, ಮೇಷ್ಟ್ರು, ಗುಂಪಿನ ನಾಲ್ಕೈದು ಗಂಡಸರು. ಗಂಡಸರ ಕಾಲಿಗೆ ಹೊಸ ಶೂ, ಕೈಗೆ ಮಡಚುವ ಕೋಲು. ನಾನು ಮಗಳು ಬಿಟ್ಟುಹೋದ ಶೂ ತೊಟ್ಟಿದ್ದೆ. ನಾದಿನಿಯದು ಸೀರೆ, ಅದರ ಕೆಳಗೆ ಅವಳ ಗಂಡನ ಕ್ಯಾನ್ವಾಸ್ ಶೂ. ಮಲವಗೊಪ್ಪ ದಾಟುವವರೆಗೆ ಎಲ್ಲರೂ ಮಾತಾಡುತ್ತಿದ್ದರು. ಆಮೇಲೆ ಬಿಸಿಲು ಏರಿತು, ಲಾರಿಗಳ ಧೂಳು ಬಾಯಿಗೆ ಬಂತು, ಮಾತು ನಿಂತಿತು. ನನ್ನ ಹಿಮ್ಮಡಿ ಉರಿಯತೊಡಗಿತ್ತು. ಮೇಷ್ಟ್ರು ಮಾತ್ರ ಪೆರೇಡಿನಲ್ಲಿ ಇದ್ದವರಂತೆ ಕೈ ಬೀಸುತ್ತ ಮುಂದೆ ಹೋಗುತ್ತಿದ್ದರು. ನಿಜ ಹೇಳಬೇಕೆಂದರೆ ನನಗೆ ಅವರ ಮೇಲೆ ಹೊಟ್ಟೆಕಿಚ್ಚಾಯಿತು.

ನಿದಿಗೆಯ ಹತ್ತಿರ ರಸ್ತೆಯ ಪಕ್ಕದಲ್ಲಿ ಬಿಳಿ ಸೆರಗು ಹೊದ್ದ ಮುದುಕಿಯೊಬ್ಬರು ಎರಡೂ ಕೈ ಅಗಲಿಸಿ ಬಸ್ಸು ತಡೆಯುವಂತೆ ನಿಂತಿದ್ದರು. ನೋಡಿದರೆ ನನ್ನ ಗಂಡನ ಸೋದರತ್ತೆ! ಅವರ ಮನೆ ಅಲ್ಲೇ ರಸ್ತೆಗೆ ಅಂಟಿಕೊಂಡಿದೆ.

"ನಮ್ಮ ಮನೆ ಮುಂದೆ ಹಿಂಗೆ ಒಣ ಬಾಯಲ್ಲಿ ಹೋಗ್ತೀರಾ? ಬನ್ನಿ, ಎರಡು ತುತ್ತು ಪ್ರಸಾದ ಮಾಡ್ಕೊಂಡು ಹೋಗಿ," ಎಂದರು ಅತ್ತೆ.

"ಇಲ್ಲಮ್ಮ, ನಮಗೆ ನಿಯಮ ಇದೆ," ಎಂದರು ಮೇಷ್ಟ್ರು.

"ನಮಗೂ ಇದೆ. ಮನೆಗೆ ಬಂದವರು ಪ್ರಸಾದ ಬೇಡ ಅನ್ನಬಾರದು."

ನಾವು ಮನೆಗೆ ಬಂದೇ ಇರಲಿಲ್ಲ. ಆದರೆ ಅದನ್ನು ವಾದಿಸುವ ಧೈರ್ಯ ಯಾರಿಗೂ ಇರಲಿಲ್ಲ. ಒಳಗಿನಿಂದ ಅಕ್ಕಿರೊಟ್ಟಿ ಬೇಯುವ ವಾಸನೆ ಬೇರೆ ಬರುತ್ತಿತ್ತು. ಗುಂಪಿನಲ್ಲಿದ್ದ ದಪ್ಪನೆಯವರೊಬ್ಬರು ಆಗಲೇ ಶೂ ಬಿಚ್ಚುತ್ತಿದ್ದರು. ನಾನೂ ಬಾಗಿಲ ಪಕ್ಕದ ಕಟ್ಟೆಯ ಮೇಲೆ ಕೂರಲು ಬಗ್ಗಿದೆ. ನಾದಿನಿ ನನ್ನ ರಟ್ಟೆ ಹಿಡಿದು ಎತ್ತಿ ಅಡುಗೆಮನೆಗೆ ಎಳೆದುಕೊಂಡು ಹೋದಳು.

"ಅತ್ತಿಗೆ, ಕೂತ್ಕೋಬೇಡಿ. ಬಡಿಸೋಣ ಬನ್ನಿ."

"ನಂಗೆ ಕಾಲು ಬಿದ್ದೋಗ್ತಿದೆ ಮಾರಾಯ್ತಿ!"

"ಬಿದ್ದೋಗ್ಲಿ. ಕೂತ್ಕೋಬೇಡಿ."

ಆಗ ಅರ್ಥವಾಯಿತು. ಹಿಂದಿನ ಸಂಜೆಯೇ ಅವಳು ಅತ್ತೆಗೆ ಫೋನು ಮಾಡಿದ್ದಳು. ನಮ್ಮ ಮೇಷ್ಟ್ರಿಗೆ ಬಹಳ ಸಂಕೋಚ, ಬೇಡ ಬೇಡ ಅನ್ನುತ್ತಾರೆ, ನೀವು ಬಡಿಸುವುದನ್ನು ನಿಲ್ಲಿಸಬೇಡಿ ಎಂದಿದ್ದಳು. ಅತ್ತೆಗೆ ಅಷ್ಟು ಹೇಳಿದರೆ ಸಾಕಿತ್ತು.

ಗಂಡಸರು ಸಾಲಾಗಿ ಚಾಪೆಯ ಮೇಲೆ ಕೂತರು. ಮೇಷ್ಟ್ರು ಒಂದು ಕ್ಷಣ ನಿಂತೇ ಇದ್ದರು. ಆದರೆ ಅತ್ತೆ ಅವರ ಮುಂದೆ ಮಣೆ ಹಾಕಿ, ಬಾಳೆಲೆ ಇಟ್ಟು, ಅವರನ್ನೇ ನೋಡುತ್ತ ನಿಂತುಬಿಟ್ಟರು. ಮೇಷ್ಟ್ರು ಕೂತರು. ರೊಟ್ಟಿ, ಎಣ್ಣೆಗಾಯಿ, ಬೆಣ್ಣೆ, ಕಾಯಿಚಟ್ನಿ, ಮೇಲೆ ಪಾಯಸ. ನಾವಿಬ್ಬರೂ ಬಡಿಸುತ್ತ ಓಡಾಡಿದೆವು. ನಡುನಡುವೆ ಒಲೆಯ ಪಕ್ಕ ನಿಂತೇ ಒಂದೊಂದು ರೊಟ್ಟಿ ಮುರಿದುಕೊಂಡೆವು. ಹೆಂಗಸರು ಯಾಕೆ ಕೂತಿಲ್ಲ ಎಂದು ಆ ಮನೆಯಲ್ಲಿ ಒಬ್ಬರೂ ಕೇಳಲಿಲ್ಲ. ನಮ್ಮ ಮನೆಗಳಲ್ಲಿ ಯಾರು ತಾನೇ ಕೇಳುತ್ತಾರೆ? ಜೀವಮಾನದಲ್ಲಿ ಮೊದಲ ಸಲ ಅದರಿಂದ ನಮಗೆ ಲಾಭವಾಯಿತು.

ಕೈ ತೊಳೆದ ಮೇಷ್ಟ್ರು ಗೋಡೆಗೆ ಒರಗಿದರು. "ಐದೇ ನಿಮಿಷ," ಎಂದರು. ಅದಾಗಿ ಸ್ವಲ್ಪ ಹೊತ್ತಿಗೆ ಸೀಟಿ ಅವರ ಎದೆಯ ಮೇಲೆ ಏರಿ ಇಳಿಯುತ್ತಿತ್ತು. ಉಳಿದವರೂ ಅಲ್ಲಲ್ಲೇ ಉರುಳಿದ್ದರು. ನಾವಿಬ್ಬರು ಅತ್ತೆಯ ಕಾಲಿಗೆ ನಮಸ್ಕರಿಸಿ ಮೆಲ್ಲಗೆ ಹೊರಬಿದ್ದೆವು.

ಅಲ್ಲಿಂದ ಮುಂದೆ ನಗು ಹೆಚ್ಚು ಕಾಲ ಉಳಿಯಲಿಲ್ಲ. ಬಿಸಿಲಿಗೆ ಟಾರು ಮೆತ್ತಗಾಗಿತ್ತು. ನನ್ನ ಹಿಮ್ಮಡಿಯ ಗುಳ್ಳೆ ಒಡೆಯಿತು. ಭದ್ರಾವತಿಯ ಬಸ್ಸುಗಳು ಒಂದರ ಹಿಂದೊಂದು ನಮ್ಮನ್ನು ದಾಟಿ ಹೋದವು. ಒಬ್ಬ ಕಂಡಕ್ಟರು ಬಾಗಿಲಲ್ಲಿ ನೇತಾಡುತ್ತ "ಬನ್ನಿ ಅಕ್ಕಾ, ಸೀಟಿದೆ" ಎಂದು ಕರೆದ. ಆ ಕರೆಗೆ ಓಗೊಡದೆ ಇದ್ದದ್ದು ನಾನು ಈವರೆಗೆ ಮಾಡಿದ ಅತಿ ದೊಡ್ಡ ತಪಸ್ಸು. ನಾದಿನಿ ಶೂ ಬಿಚ್ಚಿ ಕೈಯಲ್ಲಿ ಹಿಡಿದು ಸ್ವಲ್ಪ ದೂರ ನಡೆದಳು, ಕಾಲು ಸುಟ್ಟು ಮತ್ತೆ ತೊಟ್ಟಳು. ಊರು ಕಾಣುವ ಹೊತ್ತಿಗೆ ನಾವಿಬ್ಬರೂ ಒಬ್ಬರ ಹೆಗಲನ್ನು ಒಬ್ಬರು ಹಿಡಿದಿದ್ದೆವು. ಅವಳ ಗಂಡ ಅಂಗಡಿಯ ಮುಂದೆ ನಿಂತಿದ್ದವರು ಅಪಘಾತವಾಯಿತೆಂದುಕೊಂಡು ಓಡಿ ಬಂದರು.

ಸ್ವಲ್ಪ ಹೊತ್ತಿಗೆ ಗಂಡಸರು ಆಟೋದಲ್ಲಿ ಬಂದಿಳಿದರು. ನಾದಿನಿ ಅಂಗಡಿಯ ಕುರ್ಚಿಯನ್ನೇ ಮೇಷ್ಟ್ರ ಮುಂದೆ ತಂದಿಟ್ಟಳು. "ಕೂತ್ಕೊಳ್ಳಿ ಸಾರ್. ಇನ್ನೇನು, ಜೀಪಿಗೆ ಹೇಳೋಣ್ವಾ?"

ಮೇಷ್ಟ್ರು ಅವಳನ್ನು ನೋಡಿದರು, ನನ್ನ ಹಿಮ್ಮಡಿಯ ರಕ್ತ ನೋಡಿದರು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. "ಆ ಯಮ್ಮ ಏಳನೇ ರೊಟ್ಟಿ ಹಾಕ್ದಾಗ್ಲೇ ನಂಗೆ ಅನುಮಾನ ಬಂತು ಕಣಮ್ಮ. ಆದ್ರೆ ಬೆಣ್ಣೆ ಚೆನ್ನಾಗಿತ್ತು." ತಾವು ಕೊಡಚಾದ್ರಿಗೆ ಜೀಪಿನಲ್ಲೇ ಬರುವುದಾಗಿ ಒಪ್ಪಿಕೊಂಡೂ ಬಿಟ್ಟರು. ಆ ಮಾತಿನಲ್ಲಿ ಅವರ ದನಿ ಸ್ವಲ್ಪ ಇಳಿಯಿತು. ನಾದಿನಿಗೆ ಅದನ್ನು ತಡೆಯಲಾಗಲಿಲ್ಲ. "ನೀವಿಲ್ದೆ ನಮಗೆ ದಾರಿ ಯಾರು ತೋರಿಸ್ತಾರೆ? ಸುಮ್ನೆ ನಡೀರಿ ಸಾರ್," ಎಂದು ಗದರಿದಳು.

ಗುಳ್ಳೆ ವಾಸಿಯಾದ ಮೇಲೆ ಎಲ್ಲರೂ ಕೊಡಚಾದ್ರಿಗೆ ಹೋದೆವು, ಜೀಪಿಲ್ಲದೆ. ಹಿಡ್ಲುಮನೆಯ ಬಂಡೆಗಳ ಮೇಲೆ ನೀರು ಜಾರುತ್ತಿತ್ತು. ಒಂದು ಕಡೆ ಮೇಲಕ್ಕೂ ಹೋಗಲಾಗದೆ ಕೆಳಕ್ಕೂ ಇಳಿಯಲಾಗದೆ ನಾನು ಬಂಡೆಗೆ ಅಂಟಿಕೊಂಡುಬಿಟ್ಟೆ. ಅಳು ಬಂದಿತ್ತು. ಮೇಲಿದ್ದ ಮೇಷ್ಟ್ರು ಬಗ್ಗಿ, ಸೀಟಿಯನ್ನು ಅಂಗಿಯೊಳಗೆ ಹಾಕಿಕೊಂಡು, ಮೆಲ್ಲನೆ ಹೇಳಿದರು: "ಕೆಳಗೆ ನೋಡ್ಬೇಡಿ ತಾಯಿ. ಎಡಗಾಲು ಆ ಸೀಳಿಗೆ ಇಡಿ. ಅವಸರ ಇಲ್ಲ." ಅವರು ಚಾಚಿದ ಕೈ ಹಿಡಿದೆ. ಹಿಂದಿನಿಂದ ನಾದಿನಿ ನನ್ನನ್ನು ತಳ್ಳಿದಳು. ಎಲ್ಲಿ ಕೈಯಿಟ್ಟು ತಳ್ಳಿದಳು ಎಂಬುದನ್ನು ಇಲ್ಲಿ ಬರೆಯುವುದಿಲ್ಲ.

ತುದಿ ತಲುಪಿದಾಗ ಸುತ್ತಲೂ ಮಂಜು. ಪಕ್ಕದಲ್ಲಿ ನಿಂತವರ ಮುಖವೂ ಸರಿಯಾಗಿ ಕಾಣುತ್ತಿರಲಿಲ್ಲ. ಇಷ್ಟು ಕಷ್ಟಪಟ್ಟದ್ದು ಇದನ್ನು ನೋಡೋಕಾ ಎಂದು ನಾದಿನಿ ಬೈಯುತ್ತಿದ್ದಂತೆ ಗಾಳಿ ಬೀಸಿ, ಪಡುವಣ ಕಡೆಯ ಕಣಿವೆ ಒಮ್ಮೆಲೇ ತೆರೆದುಕೊಂಡಿತು. ಹಸಿರಿನ ಮೇಲೆ ಹಸಿರು, ಆಚೆ ನೀಲಿ. ಅವಳು ಬೈಗುಳವನ್ನು ಅರ್ಧಕ್ಕೇ ನುಂಗಿಕೊಂಡಳು. ಯಾರೂ ಫೋಟೋ ತೆಗೆಯಲಿಲ್ಲ.