ಖಾಲಿ ಗೋಡೆ ಮತ್ತು ಅವರೆ ಸಸಿ

ಐವತ್ತರ ದಶಕದ ಕೊನೆಯಲ್ಲಿ ನಾನು ಶಿಕಾರಿಪುರದಲ್ಲಿ ಶಿಕ್ಷಕರ ತರಬೇತಿಗೆ ಸೇರಿದ್ದೆ. ನಮ್ಮದು ಸೊರಬದ ಕಡೆ. ಬಸ್ಸು ಹತ್ತಿಸುವಾಗ ಅಪ್ಪ, 'ಪಾಸಾದ್ರೆ ಟೀಚರಾಗು. ಇಲ್ದಿದ್ರೆ ಗಂಡು ನೋಡ್ತೀನಿ' ಎಂದಿದ್ದರು. ಅಪ್ಪ ತಮಾಷೆ ಮಾಡುವವರ ಪೈಕಿಯಲ್ಲ.

ನಾವು ಪಾಠ ಮಾಡಿ ಕಲಿಯುತ್ತಿದ್ದದ್ದು ಪಕ್ಕದ ಪ್ರಾಥಮಿಕ ಶಾಲೆಯ ಮಕ್ಕಳ ಮೇಲೆ. ಕ್ಷೌರ ಕಲಿಯುವವರಿಗೆ ಸಿಕ್ಕ ತಲೆಗಳಂತಿದ್ದವು ಪಾಪ. ತರಬೇತಿಯವರೆಲ್ಲ ಸರದಿಯ ಮೇಲೆ ಹೋಗಿ ಅದೇ ಪಟ ತೂಗುಹಾಕಿ ಅದೇ 'ಸಸ್ಯದ ಭಾಗಗಳು' ಪಾಠ ಮಾಡುತ್ತಿದ್ದೆವು. ಪಟ ತೋರಿಸಲು ಕೋಲು ಎತ್ತುವ ಮೊದಲೇ ಮಕ್ಕಳು 'ಬೇರು, ಕಾಂಡ, ಎಲೆ' ಎಂದು ರಾಗವಾಗಿ ಒಪ್ಪಿಸಿಬಿಡುತ್ತಿದ್ದರು. ಜೊತೆಯವರಿಗೆ ಅದೇ ಸುಖ. ನನಗೆ ಮೈ ಉರಿಯುತ್ತಿತ್ತು.

ಪರೀಕ್ಷೆಯ ಪಾಠಕ್ಕೆ ಪಟವೇ ಬೇಡವೆಂದು ಹಟ ಹಿಡಿದೆ. ತೆಂಗಿನ ಚಿಪ್ಪುಗಳಿಗೆ ಮರಳು ತುಂಬಿ ಅವರೆ ಬಿತ್ತಿ, ಸಸಿ ಬೆಳೆಸಿದೆ. ಕೋಣೆಯ ಗೆಳತಿ, 'ನಿಂಗ್ಯಾಕೇ ಬೇಕಿತ್ತು ಈ ಉಸಾಬರಿ?' ಎನ್ನುತ್ತಲೇ ತನ್ನ ಪಟವನ್ನು ಸುತ್ತಿ ನನ್ನ ಕಂಕುಳಿಗೆ ತುರುಕಿದಳು.

ಪರೀಕ್ಷಕರು ಹಿಂದುಗಡೆ ಕುಳಿತರು. ನಾನು ಇಬ್ಬಿಬ್ಬರು ಮಕ್ಕಳಿಗೆ ಒಂದೊಂದು ಚಿಪ್ಪು ಕೊಟ್ಟು, 'ಮೆಲ್ಲಗೆ ಕಿತ್ತು ನೋಡಿ. ಏನೇನು ಕಾಣುತ್ತೆ ಹೇಳಿ' ಎಂದೆ. ಯಾರೂ ಕೀಳಲಿಲ್ಲ. ಎಲ್ಲರೂ ಕೈಕಟ್ಟಿ ನನ್ನ ಹಿಂದಿನ ಖಾಲಿ ಗೋಡೆಯನ್ನೇ ನೋಡುತ್ತಿದ್ದರು. ಪುಸಲಾಯಿಸಿದೆ, ನಾನೇ ಒಂದು ಸಸಿ ಕಿತ್ತು ತೋರಿಸಿದೆ. ಕೊನೆಗೆ ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು, 'ಪಟ ಇನ್ನೂ ಹಾಕಿಲ್ರೀ ಅಕ್ಕೋರೆ' ಎಂದಳು.

ಪರೀಕ್ಷಕರು ಗಡಿಯಾರ ನೋಡಿಕೊಂಡರು. ಅಪ್ಪನ ಮಾತು ನೆನಪಾಯಿತು. ಬೇರೆ ದಾರಿ ಕಾಣದೆ ಗೆಳತಿಯ ಪಟವನ್ನು ಮೊಳೆಗೆ ಸಿಕ್ಕಿಸಿದೆ.

ಇಡೀ ತರಗತಿ ಒಂದೇ ದನಿಯಲ್ಲಿ ಶುರುಮಾಡಿತು. ನಾನು ಕೋಲು ಆಡಿಸುತ್ತ ನಿಂತೆ, ಅಷ್ಟೆ.

ಹೊರಡುವಾಗ ಪರೀಕ್ಷಕರು, 'ಕಡೀಗೆ ಚಲೋ ಆತು ಪಾಠ. ಪಟ ಮೊದ್ಲೇ ಹಾಕಬೇಕಿತ್ರೀ' ಎಂದು ನಕ್ಕರು. ಪಾಸಾದೆ ಎಂದು ಗೊತ್ತಾಯಿತು. ಸಂತೋಷ ಮಾತ್ರ ಆಗಲಿಲ್ಲ.

ಗಂಟೆ ಹೊಡೆಯಿತು. ನಾನು ಹೇಳದಿದ್ದರೂ ಮಕ್ಕಳು ಚಿಪ್ಪುಗಳನ್ನು ತಂದು ಮೇಜಿನ ಮೇಲೆ ಸಾಲಾಗಿ ಇಟ್ಟರು. ನಾನು ಕಿತ್ತದ್ದು ಬಿಟ್ಟರೆ ಒಂದು ಸಸಿಯೂ ಅಲುಗಿರಲಿಲ್ಲ. 'ಮನೆಗೆ ತಗೊಂಡು ಹೋಗಿ, ನಿಮಗೇ ಅಂತ ತಂದದ್ದು' ಎಂದೆ.

ಅದೇ ಹುಡುಗಿ ನನಗೆ ತಿಳಿಹೇಳುವವಳಂತೆ ತಲೆಯಾಡಿಸಿದಳು. 'ಬ್ಯಾಡ್ರೀ. ನಾಳೆ ಬರೋ ಅಕ್ಕೋರಿಗೆ ಬೇಕಲ್ರೀ.'