ನಾಲ್ಕು ಡಬ್ಬಿ, ನಾಲ್ಕು ಬದಾಮಿ

ನನಗೆ ದೀರ್ಘವಾಗಿ ಉಸಿರಾಡಲು ಬರುವುದಿಲ್ಲ ಎಂಬ ಸಂಗತಿ ಗೊತ್ತಾದದ್ದು ಕಳೆದ ಡಿಸೆಂಬರ್ ಇಪ್ಪತ್ನಾಲ್ಕರ ಮಧ್ಯಾಹ್ನ, ಅಡುಗೆಮನೆಯಲ್ಲಿ. "ಗಡಿಬಿಡಿ ಎನಿಸಿದಾಗ ಕಣ್ಣು ಮುಚ್ಚಿ ಮೂರು ಸಲ ಆಳವಾಗಿ ಉಸಿರೆಳೆದುಕೊಳ್ಳಿ" ಎಂದು ಮೊಬೈಲಿನೊಳಗಿನ ಹೆಣ್ಣುಮಗಳು ಹೇಳಿದ್ದಳು. ಎಳೆದುಕೊಂಡೆ. ಆದರೆ ನನ್ನ ಮೂಗಿನ ಕೆಳಗೆ ಆಗಷ್ಟೇ ಜರಡಿ ಹಿಡಿದ ಒಂದು ಬುಟ್ಟಿ ಮೈದಾ ಇದೆ ಎಂದು ಅವಳಿಗೆ ಯಾರೂ ತಿಳಿಸಿರಲಿಲ್ಲ. ಎರಡನೆಯ ಉಸಿರು ಸೀನಾಗಿ ಹೊರಬಂತು.

"ಧಾರವಾಡದಾಗೂ ಹಿಮ ಬೀಳತೈತಿ ನೋಡ್ರಿ" ಎಂದು ಕುರ್ಚಿಯಲ್ಲಿ ಕುಳಿತಿದ್ದ ಸುಗುಣಾ ನಕ್ಕಳು.

ಸುಗುಣಾ ನನ್ನ ಹೆಂಡತಿ. ಹಬ್ಬಕ್ಕೆ ಒಂದು ವಾರವಿರುವಾಗ ಕರ್ಚಿಕಾಯಿಯ ಅಚ್ಚಿಗೆಂದು ಅಟ್ಟಕ್ಕೆ ಕೈಚಾಚಿ, ಸ್ಟೂಲಿನಿಂದ ಜಾರಿ, ಬಲಗೈ ಮುರಿದುಕೊಂಡಿದ್ದಳು. ಪ್ಲಾಸ್ಟರ್ ಹಾಕಿಸಿಕೊಂಡು ಬರುವ ದಾರಿಯಲ್ಲೇ ನಾನು ಆಣೆ ಮಾಡುವವನಂತೆ ಹೇಳಿದ್ದೆ: "ಈ ವರ್ಷ ನೀ ಬರೇ ಕೂತು ನೋಡು. ಟೆನ್ಶನ್ ಇಲ್ಲದ ಕ್ರಿಸ್ಮಸ್ ಹೆಂಗ ಮಾಡೂದು ಅಂತ ತೋರಸ್ತೇನಿ." ನಾನು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುವವನು. ಒಂದು ಹಬ್ಬ ನನಗೆ ಯಾವ ಲೆಕ್ಕ? ಮೊಬೈಲಿನಿಂದ ಒತ್ತಡವಿಲ್ಲದ ಹಬ್ಬಕ್ಕೆ ಹತ್ತು ಸೂತ್ರಗಳನ್ನು ಬರೆದುಕೊಂಡೆ. ಮೂರು ಬಣ್ಣದ ಪೆನ್ನಿನಿಂದ ವೇಳಾಪಟ್ಟಿ ಮಾಡಿ ಫ್ರಿಜ್ಜಿಗೆ ಅಂಟಿಸಿದೆ. ಆಮೇಲೆ, ಎಲ್ಲವೂ ಮುಗಿದೇಹೋಯಿತು ಎಂಬ ನೆಮ್ಮದಿಯಲ್ಲಿ ಆರು ದಿನ ಕಳೆದೆ. ಇಪ್ಪತ್ನಾಲ್ಕರ ಹೊತ್ತಿಗೆ ಆಗಿದ್ದ ಕೆಲಸವೆಂದರೆ ಬಾಗಿಲಿಗೆ ನಕ್ಷತ್ರ ಕಟ್ಟಿದ್ದು ಒಂದೇ. ಅದರೊಳಗಿನ ದೀಪವೂ ಮನಸ್ಸು ಬಂದಾಗ ಹತ್ತುತ್ತಿತ್ತು.

ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ ಎಂಬುದಕ್ಕೆ ನನ್ನ ಬಳಿ ಶಾಸ್ತ್ರಾಧಾರವಿದೆ. ಮೊಟ್ಟಮೊದಲ ಕ್ರಿಸ್ಮಸ್ಸೇ ಕೊನೆಗಳಿಗೆಯ ಗಡಿಬಿಡಿಯದು. ತುಂಬಿದ ಬಸುರಿಯನ್ನು ಕರೆದುಕೊಂಡು ಪರವೂರಿಗೆ ಹೋದವರು ಉಳಿಯಲು ಒಂದು ಕೋಣೆಯನ್ನೂ ಗೊತ್ತು ಮಾಡಿರಲಿಲ್ಲ. ಹುಟ್ಟಿದ ಕೂಸಿಗೆ ಕಾಣಿಕೆ ತಂದ ಮೂಡಣದ ಪಂಡಿತರು ಅಷ್ಟೆಲ್ಲ ಜ್ಯೋತಿಷ್ಯ ಬಲ್ಲವರಾಗಿದ್ದೂ ತಡವಾಗಿಯೇ ತಲುಪಿದರು. ಯಾರೂ ಅವರನ್ನು ಬೈದ ದಾಖಲೆ ಇಲ್ಲ. ಈ ವಾದವನ್ನು ಸುಗುಣಾಳ ಮುಂದೆ ಮಂಡಿಸಿದಾಗ ಅವಳು, "ಅವರಿಗೆ ಮಂದಿ ಮನಿಗೆ ತಾಟು ಕಳಸೂದಿರಲಿಲ್ರಿ" ಎಂದಳು. ಅಲ್ಲಿಗೆ ನನ್ನ ಶಾಸ್ತ್ರ ಮುಗಿಯಿತು.

ತಾಟು ಎಂದರೆ ನಮ್ಮಲ್ಲಿ ಹಬ್ಬದ ಅರ್ಧ ಭಾಗ. ಕರ್ಚಿಕಾಯಿ, ಚಕ್ಕಲಿ, ಶಂಕರಪೋಳಿ, ನಡುವೆ ಕೇಕು, ಮೇಲೊಂದು ಕ್ರೋಶಾ ಹೆಣಿಗೆಯ ಬಟ್ಟೆ. ದೀಪಾವಳಿಯಲ್ಲಿ ಯಾವ ಮನೆಗಳಿಂದ ಹಬ್ಬದ ತಿಂಡಿಯ ಫರಾಳ ಬಂದಿರುತ್ತದೋ ಆ ಮನೆಗಳಿಗೆಲ್ಲ ಕ್ರಿಸ್ಮಸ್ಸಿಗೆ ನಮ್ಮ ತಾಟು ಹೋಗಬೇಕು. ಕರಿದ ತಿಂಡಿಗಳನ್ನು ಹುಬ್ಬಳ್ಳಿಯ ನಾದಿನಿ ಕಳಿಸಿ ನನ್ನ ಮಾನ ಉಳಿಸಿದ್ದಳು. ಉಳಿದದ್ದು ಕೇಕು. ಅದರಲ್ಲೂ ದೇಸಾಯಿ ಕಾಕು ಅವರ ಕೇಕು.

ದೇಸಾಯಿ ಕಾಕು ಸಪ್ತಾಪುರದಲ್ಲಿ ನಮ್ಮ ಪಕ್ಕದ ಮನೆಯವರು, ಓಣಿಗೆಲ್ಲ ಚಿಕ್ಕಮ್ಮನಂಥವರು. ಸಂಗೀತ ಕಲಿಸಿ ನಿವೃತ್ತರಾದವರು, ಈಗ ಮೊಮ್ಮಕ್ಕಳ ಅಪಸ್ವರ ತಿದ್ದುತ್ತಾರೆ. ಮೂವತ್ತು ವರ್ಷದ ಹಿಂದೆ ನಮ್ಮ ಮೊದಲ ತಾಟು ಹೋದಾಗ ಅವರು, "ಇದಕ್ಕ ತತ್ತಿ ಹಾಕೀರೇನ್ರಿ?" ಎಂದು ಮೆಲ್ಲಗೆ ಕೇಳಿ, ಮೊಟ್ಟೆ ಮುಟ್ಟದವರಾದ್ದರಿಂದ ಚಕ್ಕಲಿಯನ್ನಷ್ಟೇ ಇಟ್ಟುಕೊಂಡಿದ್ದರು. ಮರುವರ್ಷದಿಂದ ಸುಗುಣಾ ಅವರಿಗೆಂದೇ ಮೊಸರು ಹಾಕಿ ಬೇರೆ ಕೇಕು ಮಾಡತೊಡಗಿದಳು. ಅದನ್ನು ಕಲಸುವ ಪಾತ್ರೆ ಬೇರೆ, ಸೌಟು ಬೇರೆ. ಅಂದಿನಿಂದ ಕಾಕು ನಮ್ಮ ಮುಂದೆಯೇ, ಹೊಸ್ತಿಲಲ್ಲೇ ನಿಂತು, ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಳ್ಳುತ್ತಾರೆ. ಮತ್ತೆಂದೂ ತತ್ತಿಯ ಮಾತು ಕೇಳಿಲ್ಲ. ಆ ಕೇಳದಿರುವುದೇ ಸುಗುಣಾಳ ಪಾಲಿಗೆ ಹಬ್ಬದ ದೊಡ್ಡ ಉಡುಗೊರೆ.

ಮೈದಾ ಕೊಡವಿಕೊಂಡು ಕೆಲಸಕ್ಕೆ ನಿಂತೆ. ಅವಳು ಹೇಳಿದಂತೆ ಮೊದಲು ಕಾಕು ಅವರ ಹಿಟ್ಟು ಕಲಸಿದೆ, ಆಮೇಲೆ ನಮ್ಮದು. ಎರಡಕ್ಕೂ ಸುಟ್ಟ ಸಕ್ಕರೆಯ ಒಂದೇ ಕಪ್ಪು ಬಣ್ಣ. ಒಂದೇ ನಮೂನೆಯ ನಾಲ್ಕು ತಗಡಿನ ಡಬ್ಬಿ: ಅವರದೊಂದು, ನಮ್ಮವು ಮೂರು. "ಕಾಕು ಡಬ್ಬಿ ಮ್ಯಾಲೆ ಒಂದು ಬದಾಮಿ ಹಚ್ಚರಿ" ಎಂದು ಹೇಳಿ ಅವಳು ನೋವಿನ ಗುಳಿಗೆ ನುಂಗಿ ಮಲಗಿದಳು.

ನಾನು ಬದಾಮಿ ಹಚ್ಚಿದೆ. ಹಚ್ಚಿದ ಮೇಲೆ ನೋಡಿದರೆ ಉಳಿದ ಮೂರು ಬೋಳುಬೋಳಾಗಿ ಕಂಡವು. ಒಂದಕ್ಕಷ್ಟೇ ಶೃಂಗಾರವೇಕೆ? ಬದಾಮಿ ಡಬ್ಬದ ತುಂಬ ಇವೆ. ಸಮಾನತೆಯಲ್ಲಿ ನಂಬಿಕೆಯಿರುವ ನಾನು ಉಳಿದ ಮೂರಕ್ಕೂ ನಡುಮಧ್ಯದಲ್ಲಿ ಒಂದೊಂದು ಬದಾಮಿ ಒತ್ತಿದೆ. ವೇಳಾಪಟ್ಟಿಯಲ್ಲಿ ಇಲ್ಲದ ಕೆಲಸವನ್ನು ಸ್ವಂತ ಬುದ್ಧಿಯಿಂದ ಮಾಡಿದೆನೆಂಬ ಹೆಮ್ಮೆ ಬೇರೆ.

ನಮ್ಮವರು ಯಾರೂ ಹಬ್ಬದ ಕೇಕನ್ನು ಮನೆಯಲ್ಲಿ ಬೇಯಿಸುವುದಿಲ್ಲ. ಡಬ್ಬಿಗಳನ್ನು ಇಮಾಮಸಾಬರ ಬೇಕರಿಗೆ ಒಯ್ದು, ಅವರ ಕಟ್ಟಿಗೆಯ ಭಟ್ಟಿಗೆ ಕೊಡುತ್ತೇವೆ. ಹೆಸರಿನ ಚೀಟಿ ಆ ಉರಿಗೆ ಸುಟ್ಟುಹೋಗುವುದರಿಂದ ಒಂದೊಂದು ಮನೆಯವರದು ಒಂದೊಂದು ಗುರುತು. ನಮ್ಮ ಡಬ್ಬಿಗಳಿಗೆ ಪಕ್ಕದಲ್ಲಿ ಮೊಳೆಯಿಂದ ಗೀಚಿದ ಅಕ್ಷರವಿದೆ. ಇಷ್ಟು ವರ್ಷ ನಾನು ಹೊರಗೆ ಸ್ಕೂಟರಿನ ಮೇಲೆ ಕುಳಿತಿರುತ್ತಿದ್ದೆ. ಮೊದಲ ಬಾರಿಗೆ ಒಳಗೆ ಹೋಗಿ, ಡಬ್ಬಿ ಕೊಟ್ಟು, ಬೆಂಚಿನ ಮೇಲೆ ಕಾದು ಕುಳಿತೆ. ಇಮಾಮಸಾಬರು ಉದ್ದನೆಯ ಹಲಗೆಯಿಂದ ನಮ್ಮ ಡಬ್ಬಿಗಳನ್ನು ಹೊರಗೆಳೆದು, ನೋಡಿ, ಹುಬ್ಬೇರಿಸಿದರು.

"ಸರ್, ಬದಾಮಿದು ಕಾಕು ಅವರದಲ್ಲೇನ್ರಿ? ಈ ಸಲ ನಾಲ್ಕೂ ಅವರಿಗೇನ?"

ಆ ಭಟ್ಟಿಯ ಮುಂದೆ ನಿಂತು ನಾನು ತಣ್ಣಗಾದೆ. ತತ್ತಿಯಿಲ್ಲದ್ದು ಯಾವುದು ಎಂದು ಕೇಳಿದೆ. ಅವರು ಬೆರಳಿನಿಂದ ಒಂದೊಂದನ್ನೂ ಮೆತ್ತಗೆ ಒತ್ತಿದರು, ಮೂಸಿದರು. "ಇದು ಇರಬೇಕು ಅನಸ್ತೈತಿ. ಆದ್ರ ಅವರ ನೇಮದ ಮಾತು ಐತಿ ಸರ್. ಅನಸೂದರ ಮ್ಯಾಲೆ ಕೊಡಬ್ಯಾಡ್ರಿ."

ನಿಮ್ಮಲ್ಲಿ ಸುಳ್ಳೇಕೆ ಹೇಳಲಿ? ಮನೆಗೆ ಬರುವಾಗ ನನ್ನೊಳಗಿನ ಸಂಖ್ಯಾಶಾಸ್ತ್ರಿ ಲೆಕ್ಕ ಹಾಕಿದ್ದು ನಿಜ. ಸುಮ್ಮನೆ ಎತ್ತಿಕೊಂಡರೆ ನಾಲ್ಕರಲ್ಲಿ ಒಂದು. ಇಮಾಮಸಾಬರ ಬೆರಳನ್ನು ನಂಬಿದರೆ ಬಹುಶಃ ಹತ್ತರಲ್ಲಿ ಒಂಬತ್ತು. ಪರೀಕ್ಷೆಯಲ್ಲಿ ಯಾರಾದರೂ ಇಷ್ಟು ಅಂಕ ತೆಗೆದರೆ ಬೆನ್ನು ತಟ್ಟುತ್ತೇವೆ. ಆದರೆ ಏನೂ ಕೇಳದೆ ಬಾಯಿಗೆ ಹಾಕಿಕೊಳ್ಳುವವರ ಮುಂದೆ ಹತ್ತರಲ್ಲಿ ಒಂಬತ್ತು ಹಿಡಿದು ನಿಲ್ಲಲು ನನಗೆ ಧೈರ್ಯವಾಗಲಿಲ್ಲ. ಹತ್ತು ಸೂತ್ರಗಳಲ್ಲಿ ಇದಕ್ಕೊಂದು ಸೂತ್ರವಿರಲಿಲ್ಲ.

ಸುಗುಣಾಳಿಗೆ ಹೇಳಿದೆ. ಬೈಯುತ್ತಾಳೆಂದುಕೊಂಡರೆ ಅವಳ ಕಣ್ಣು ತುಂಬಿತು. ಅದು ಇನ್ನೂ ಕಷ್ಟ. ತತ್ತಿಯಿಲ್ಲದ ಕೇಕು ಅಂಗಡಿಯಿಂದಲೇ ತರುತ್ತೇನೆ ಎಂದೆ. "ಅಂಗಡಿದು ಅವರ ಮಗಾನೂ ತರತಾನ್ರಿ" ಎಂದಳು. ಆಮೇಲೆ ಕಣ್ಣೊರೆಸಿಕೊಂಡು, "ಹೋಗಿ ಖರೇ ಹೇಳಿ ಬರ್ರಿ" ಎಂದಳು.

ಸಂಜೆ ಆರಕ್ಕೆ ಕಾಕು ಅವರ ಬಾಗಿಲು ತಟ್ಟಿದೆ. ಸಮಾನತೆಯ ವಿಷಯವೂ ಸೇರಿದಂತೆ ಎಲ್ಲ ಒಪ್ಪಿಸಿದೆ. ಕಾಕು ಮೊದಲು ಸುಗುಣಾಳ ಕೈ ಹೇಗಿದೆ ಎಂದು ವಿಚಾರಿಸಿದರು. ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ಬಹಳ ಹೊತ್ತು ನಕ್ಕರು.

"ಇಷ್ಟಕ್ಕ ಯಾಕ ಮಾರಿ ಸಣ್ಣ ಮಾಡ್ಕೊಂಡೀರಿ? ಮನ್ಯಾಗ ಮೈದಾ ಅದ, ಮೊಸರದ, ಕುಕ್ಕರದ. ಸುಗುಣಾನ್ನ ಕರೀರಿ, ಕೂತು ಹೇಳಲಿ. ನಾ ಮಾಡ್ತೇನಿ."

ಸುಗುಣಾ ಅವರ ಅಡುಗೆಮನೆಯಲ್ಲಿ ಪ್ಲಾಸ್ಟರಿನ ಕೈಯನ್ನೇ ಆಡಿಸುತ್ತ ಅಳತೆ ಹೇಳಿದಳು, ಕಾಕು ಹಾಡು ಗುನುಗುತ್ತ ಹಿಟ್ಟು ಕಲಸಿದರು. ಕುಕ್ಕರಿನ ತಳಕ್ಕೆ ಉಪ್ಪು ಹರವಿ, ಸೀಟಿ ತೆಗೆದು ಬೇಯಿಸಿದ್ದಾಯಿತು. ಕೇಕು ಒಂದು ಕಡೆ ವಾಲಿತ್ತು, ಪರಿಮಳ ಮಾತ್ರ ನೇರವಾಗಿತ್ತು. ನಾನು ನಿಟ್ಟುಸಿರುಬಿಟ್ಟೆ, ಮತ್ತು ಅದು ದೀರ್ಘವಾದ ಉಸಿರೇ ಆಗಿತ್ತು. ಕಾಕು ಕೇಕನ್ನು ತಟ್ಟೆಗೆ ಹಾಕಿ ನನ್ನ ಕೈಗಿತ್ತರು.

"ಇದನ್ನ ಮನಿಗೆ ಒಯ್ರಿ. ನಾಳೆ ಚರ್ಚಿನಿಂದ ಬಂದ ಮ್ಯಾಲೆ ತಾಟಿನಾಗ ಇಟ್ಟು, ಬಟ್ಟಿ ಮುಚ್ಚಿ, ಇಬ್ಬರೂ ಕೂಡಿ ತಂದು ಕೊಡ್ರಿ. ನಾ ದಾರಿ ನೋಡ್ತಿರ್ತೇನಿ."

ಮರುದಿನ ಹೊಸ ಬಟ್ಟೆ ತೊಟ್ಟು, ಅವರದೇ ಕೇಕನ್ನು ಹಿಡಿದು, ಅವರದೇ ಗಂಟೆ ಒತ್ತಿದೆವು. ಕಾಕು ಇಳಕಲ್ ಸೀರೆ ಉಟ್ಟು ಬಾಗಿಲು ತೆರೆದು, "ಅಯ್ಯ, ಕೈ ಮುರಕೊಂಡ್ರೂ ಮರೀಲಿಲ್ಲಲ್ರಿ!" ಎಂದು ಬೆರಗಾದರು. ಕ್ರೋಶಾದ ಬಟ್ಟೆ ಸರಿಸಿ, ಹೊಸ್ತಿಲಲ್ಲೇ ನಿಂತು ಒಂದು ತುಂಡು ಮುರಿದರು. ಬಾಯಿಯವರೆಗೆ ಒಯ್ದವರು ತಟ್ಟನೆ ನಿಲ್ಲಿಸಿ, ಮುಖದಲ್ಲಿ ನಗುವಿನ ಸುಳಿವೂ ಇಲ್ಲದೆ, ಮೂವತ್ತು ವರ್ಷಗಳ ಮೇಲೆ ಮತ್ತೊಮ್ಮೆ ಕೇಳಿದರು:

"ತತ್ತಿ ಹಾಕಿಲ್ಲ ಹೌದಲ್ರಿ?"

"ಇಲ್ರಿ ಕಾಕು" ಎಂದಳು ಸುಗುಣಾ. "ನಾ ಮುಂದ ಕೂತು ನೋಡೇನಿ."